ಕತ್ತಲೆಯ ಪಕ್ಷ

ನಮ್ಮ ಕಾವ್ಯಲೋಕದಲ್ಲಿ ಕತ್ತಲೆಗೆ ಒಳ್ಳೆಯ ಮಾತು ಸಿಕ್ಕಿದ್ದು ಬಹಳ ವಿರಳ. ಅಜ್ಞಾನವೆಂದರೆ ಕತ್ತಲೆ, ಭಯವೆಂದರೆ ಕತ್ತಲೆ, ಮೃತ್ಯುವೂ ಕತ್ತಲೆಯೇ. ಬೆಳಕಾದರೋ ಜ್ಞಾನ, ಮಂಗಳ, ಮುಕ್ತಿ. ತರಗತಿಯಲ್ಲಿ ವರ್ಷ ವರ್ಷವೂ ಈ ರೂಪಕವನ್ನೇ ವಿವರಿಸುತ್ತ ಬಂದಿರುವ ನನಗೆ ಅದರ ವಿರುದ್ಧ ಎರಡು ಮಾತಾಡಬೇಕೆಂಬ ಪ್ರೇರಣೆ ಬಂದುದು ಸಾಹಿತ್ಯದಿಂದಲ್ಲ, ಮೀನಿನ ಮೊಟ್ಟೆಯಿಂದ. ಕನ್ನಡದ ಮೇಷ್ಟರಿಗೂ ಮತ್ಸ್ಯಶಾಸ್ತ್ರಕ್ಕೂ ಏನು ನಂಟು ಎಂದು ವಾಚಕರು ಹುಬ್ಬೇರಿಸಬಹುದು. ನಂಟು ಉಂಟೆಂಬುದೇ ನನ್ನ ವಾದ.

ಹವಳದ ದಿಬ್ಬಗಳ ನಡುವೆ ವಾಸಿಸುವ ಒಂದು ಪುಟ್ಟ ಮೀನಿದೆ. ಕೇಸರಿ ಮೈ, ಬಿಳಿಯ ಪಟ್ಟೆ. ಇಂಗ್ಲಿಷರು ವಿದೂಷಕನ ಹೆಸರಿಟ್ಟು ಕ್ಲೌನ್ ಫಿಷ್ ಎಂದು ಕರೆದರು. ಅನಿಮೋನಿ ಎಂಬ ಹೂವಿನಂಥ ಪ್ರಾಣಿಯ ಆಸರೆಯಲ್ಲಿ ಅದರ ಸಂಸಾರ. ಹೆಣ್ಣು ಬಂಡೆಗೆ ಅಂಟಿಸಿದಂತೆ ಮೊಟ್ಟೆಯಿಡುತ್ತದೆ; ಗಂಡು ರೆಕ್ಕೆಯಿಂದ ನೀರು ಬೀಸುತ್ತ ಕಾವಲು ಕಾಯುತ್ತದೆ. ಒಂದು ವಾರ ಕಳೆದ ಮೇಲೆ, ಸೂರ್ಯ ಮುಳುಗಿ ಕತ್ತಲೆ ಕವಿದ ಕೆಲವೇ ಗಂಟೆಗಳಲ್ಲಿ, ಮರಿಗಳು ಪೊರೆ ಹರಿದು ಹೊರಬಂದು ತೆರೆದ ಕಡಲಿಗೆ ತೇಲಿಹೋಗುತ್ತವೆ. ಹಗಲು ಹೊರಟರೆ ತಿನ್ನುವ ಬಾಯಿಗಳು ನೂರು. ಆದಕಾರಣ ಇರುಳೇ ಅವುಗಳ ಹೆರಿಗೆಮನೆ.

ಆಸ್ಟ್ರೇಲಿಯದ ಎಮಿಲಿ ಫೋಬರ್ಟ್ ಮತ್ತು ಅವರ ಸಂಗಡಿಗರು ಇಂಥ ಹತ್ತು ಜೋಡಿ ಮೀನುಗಳನ್ನು ಸಾಕಿ ನಡೆಸಿದ ಪರೀಕ್ಷೆಯ ವರದಿ 2019ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಐದು ಜೋಡಿಗಳಿಗೆ ಹಗಲು ಹಗಲಾಗಿ, ಇರುಳು ಇರುಳಾಗಿ ಉಳಿಯಿತು. ಉಳಿದ ಐದಕ್ಕೆ ಇರುಳಿನಲ್ಲಿ ಮೇಲಿನಿಂದ ಮಂದವಾದೊಂದು ದೀಪ; ಕಡಲತಡಿಯ ಊರಿನ ಬೆಳಕು ನೀರಿನ ಮೇಲೆ ಬಿದ್ದಂತೆ. ಮೀನುಗಳು ಎರಡು ಕಡೆಯೂ ಮೊಟ್ಟೆಯಿಟ್ಟವು. ಮೊಟ್ಟೆಗಳು ಎರಡು ಕಡೆಯೂ ಫಲಿತವಾದವು. ಆದರೆ ದೀಪದಡಿಯಲ್ಲಿದ್ದ ಮೊಟ್ಟೆಗಳಲ್ಲಿ ಒಂದಾದರೂ ಒಡೆಯಲಿಲ್ಲ. ಕಡಮೆ ಒಡೆದವು ಎಂದಲ್ಲ, ಒಂದೂ ಒಡೆಯಲಿಲ್ಲ. ದೀಪವನ್ನು ತೆಗೆದ ಮೇಲೆ ಅವೇ ಜೋಡಿಗಳ ಮೊಟ್ಟೆಗಳು ಎಂದಿನಂತೆ ಒಡೆದು ಮರಿಗಳಾದವು.

ಈ ಕಡೆಯ ಸಂಗತಿಯೇ ನನ್ನನ್ನು ಹಿಡಿದು ನಿಲ್ಲಿಸಿತು. ವಿಷವಿಲ್ಲ, ರೋಗವಿಲ್ಲ, ನೀರು ಕೆಟ್ಟಿಲ್ಲ. ತಾಯ್ತಂದೆಗಳಲ್ಲಿ ಊನವಿಲ್ಲ. ಪೊರೆಯೊಳಗೆ ಕಣ್ಣು ಮೂಡಿದ ಜೀವ "ಇನ್ನೂ ಇರುಳಾಗಲಿಲ್ಲ" ಎಂದು ಕಾಯುತ್ತದೆ; ಬುತ್ತಿಯಾಗಿ ಕಟ್ಟಿಕೊಟ್ಟ ಭಂಡಾರ ಕರಗುತ್ತ ಬರುತ್ತದೆ; ಕಾದು ಕಾದು ಅಲ್ಲಿಯೇ ಮುಗಿಯುತ್ತದೆ. ಕಾಯುವಿಕೆಯನ್ನು ಕುರಿತು ನಮ್ಮಲ್ಲಿ ಎಷ್ಟೋ ಪದ್ಯಗಳಿವೆ. ಇಷ್ಟು ಕ್ರೂರವಾದ ನಿರೀಕ್ಷೆಯನ್ನು ಯಾವ ಕವಿಯೂ ಕಲ್ಪಿಸಿದಂತೆ ನನಗೆ ಕಾಣದು.

ಇದು ಆ ಒಂದು ಮೀನಿನ ವಿಚಿತ್ರ ಸ್ವಭಾವವೆಂದು ತಳ್ಳಿಹಾಕುವಂತೆಯೂ ಇಲ್ಲ. ಉತ್ತರ ಅಟ್ಲಾಂಟಿಕ್ ಸಮುದ್ರದ ಹಾಲಿಬಟ್ ಮೀನಿನ ಮೊಟ್ಟೆಯೂ ಬೆಳಕಿನಲ್ಲಿ ಒಡೆಯದೆ ತಡೆದು ನಿಲ್ಲುವುದೆಂದೂ, ಕತ್ತಲೆಗೆ ಒಯ್ದರೆ ಸ್ವಲ್ಪ ಹೊತ್ತಿನಲ್ಲೇ ಒಟ್ಟಾಗಿ ಒಡೆಯುವುದೆಂದೂ ನಾರ್ವೆಯ ವಿಜ್ಞಾನಿಗಳು 1992ರಲ್ಲೇ ತೋರಿಸಿದ್ದರು. ಪೊರೆಯನ್ನು ಕರಗಿಸುವ ರಸವನ್ನು ಭ್ರೂಣ ತಾನೇ ಸಿದ್ಧಪಡಿಸಿಕೊಂಡಿರುತ್ತದೆ. ಅದನ್ನು ಬಿಡುಗಡೆ ಮಾಡಲು ಕತ್ತಲೆಯ ಅಪ್ಪಣೆ ಬೇಕು. ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಬೀದಿದೀಪದಷ್ಟು ಬೆಳಕು ಸಾಲ್ಮನ್ ಮರಿಗಳು ಜಲ್ಲಿಯ ಗೂಡನ್ನು ಬಿಟ್ಟು ಹೊರಡುವುದನ್ನು ತಡಮಾಡಿತು. ಇರುಳಿನಲ್ಲೇ ಹೊರಡುವ ಅವುಗಳ ಕ್ರಮವೂ ಕೆಟ್ಟಿತು.

ಹಾಗೆಂದು ಬೆಳಕನ್ನೇ ಶಪಿಸಹೊರಟರೆ ಅದೂ ತಪ್ಪಾದೀತು. ಇದಕ್ಕೆ ಸಾಕ್ಷಿ ನಮ್ಮ ದೇಶದ್ದೇ ಆದ ಇನ್ನೊಂದು ಮೀನು. ಟಿಪ್ಪುವಿನ ಪತನಾನಂತರ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ನನನ್ನು ನಮ್ಮ ಚರಿತ್ರೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದೇ ವೈದ್ಯ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಾಳಿ, ಗಂಗಾನದಿಯ ಮೀನುಗಳ ಮೇಲೆ 1822ರಲ್ಲೊಂದು ಗ್ರಂಥವನ್ನು ಹೊರತಂದ. ಬೆರಳುದ್ದವೂ ಇಲ್ಲದ, ನೀಲಿ ಗೆರೆಗಳ ಜೀಬ್ರಾ ಮೀನು ವಿಜ್ಞಾನದ ಪಟ್ಟಿಗೆ ಸೇರಿದ್ದು ಆ ಗ್ರಂಥದಿಂದ. (ನಮ್ಮ ರಾಗಿಯನ್ನೂ ಏತವನ್ನೂ ವರ್ಣಿಸಿದ ಲೇಖನಿಯೇ ಇದನ್ನೂ ವರ್ಣಿಸಿತೆಂಬುದು ನನಗೆ ಈಚೆಗೆ ತಿಳಿದ ಸೋಜಿಗ.) ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಅದನ್ನು ಪ್ರಯೋಗಶಾಲೆಗೆ ತಂದರು, 1981ರ ಅವರ ಲೇಖನದ ಅನಂತರ ಅದು ಜಗತ್ತಿನ ಜೀವಶಾಸ್ತ್ರದ ಮನೆಮಗುವಾಗಿದೆ. ಬೆಳಗಾಗುತ್ತಲೇ ಮೊಟ್ಟೆಯಿಡುವ ಮೀನು ಇದು. ಭ್ರೂಣ ಗಾಜಿನಂತೆ ಪಾರದರ್ಶಕ. ಸುಮಾರು 24 ಗಂಟೆಗಳಲ್ಲಿ ಹೃದಯ ಮಿಡಿಯುವುದನ್ನು ಹೊರಗಿನಿಂದಲೇ ನೋಡಬಹುದು. ಇದರ ಹೃದಯವನ್ನೂ ಮೂತ್ರಪಿಂಡವನ್ನೂ ಬೇರ್ಪಡಿಸಿ ತಟ್ಟೆಯಲ್ಲಿಟ್ಟರೂ ಅವು ಕಣ್ಣಿನ ಹಂಗಿಲ್ಲದೆ ನೇರವಾಗಿ ಬೆಳಕನ್ನರಿತು ತಮ್ಮ ಒಳಗಡಿಯಾರವನ್ನು ತಿದ್ದಿಕೊಳ್ಳುವುವೆಂದು 2000ದಲ್ಲಿ ಡೇವಿಡ್ ವಿಟ್‌ಮೋರ್ ಮತ್ತು ಸಂಗಡಿಗರು ಕಂಡುಕೊಂಡರು. ಕಣ್ಣು ಮೂಡುವ ಮೊದಲೇ ಬೆಳಕನ್ನು ಕಂಡ ಭ್ರೂಣಗಳು, ಕತ್ತಲೆಯಲ್ಲೇ ಬೆಳೆದವುಗಳಿಗಿಂತ ನೇರಳಾತೀತ ಕಿರಣದ ಹಾನಿಯನ್ನು ಚೆನ್ನಾಗಿ ತಾಳಿಕೊಂಡವೆಂಬುದು 2004ರ ಇನ್ನೊಂದು ಶೋಧ. ಅಂದರೆ ಆ ಎಳೆಯ ಜೀವಕ್ಕೆ ಬೆಳಕೂ ಬೇಕು. ಪ್ರಯೋಗಶಾಲೆಯವರು ಈ ಮೀನಿಗೆ ದಿನದಲ್ಲಿ 14 ಗಂಟೆ ಬೆಳಕನ್ನೂ 10 ಗಂಟೆ ಕತ್ತಲೆಯನ್ನೂ ಅಳೆದು ಕೊಡುತ್ತಾರೆ. ಕತ್ತಲೆಯನ್ನು ಅಳೆದು ಕೊಡುವುದು! ಮನುಷ್ಯನ ಕೈಯಿಂದ ಮೀನಿಗೆ ಸಲ್ಲುವ ಪಡಿಯಲ್ಲಿ ಅದೂ ಒಂದು ಎಂಬುದನ್ನು ಅಲ್ಲಿಯವರು ಬಲ್ಲರು. ಊರ ದೀಪದ ಲೆಕ್ಕ ಹಾಕುವವರು ಮಾತ್ರ ಬಲ್ಲವರಂತೆ ಕಾಣುವುದಿಲ್ಲ.

ಇಲ್ಲಿ ಭಾಷೆಯ ಮೋಸವೂ ಸ್ವಲ್ಪ ಇದೆ. ಬೆಳಕು, ಬೆಳಗು, ಬೆಳೆ, ಬೆಳವಣಿಗೆ: ಕಿವಿಗೆ ಇವೆಲ್ಲ ಒಂದೇ ಮನೆಯ ಮಕ್ಕಳು. ಬೆಳಕಿದ್ದಲ್ಲಿ ಬೆಳವಣಿಗೆ ಎಂದು ನಮ್ಮ ಭಾಷಣಕಾರರು ಪ್ರಾಸ ಕಟ್ಟುವುದೂ ಉಂಟು. ಆದರೆ ಬೆಳಗು ಎಂಬುದು ತಮಿಳಿನ ವೆಳ್ಳೈಯ ಕಡೆಯ ನೆಂಟ, ಬೆಳೆ ಎಂಬುದು ವಿಳೈಯ ಕಡೆಯದು, ಧಾತುಗಳೇ ಬೇರೆ. ನಿಘಂಟು ಬೇರ್ಪಡಿಸಿಟ್ಟುದನ್ನು ಪ್ರಾಸ ಕೂಡಿಸಿದೆ. ಇದಕ್ಕೆ ಪ್ರತಿಯಾಗಿ ಇನ್ನೊಂದು ಮಾತನ್ನು ನೋಡಿ: ಗರ್ಭಗುಡಿ. ದೇವಾಲಯದ ಅತ್ಯಂತ ಒಳಗಿನ, ಅತ್ಯಂತ ಕತ್ತಲೆಯ ಕೋಣೆಗೆ ನಮ್ಮವರು ಗರ್ಭವೆಂದು ಹೆಸರಿಟ್ಟರು. ಅಲ್ಲಿ ಕಿಟಕಿಯಿಲ್ಲ; ನಂದಾದೀಪ ಮಿಣುಕುವಷ್ಟೇ. ಜೀವ ಮೂಡುವ ಸ್ಥಳ ಮಬ್ಬಾಗಿರಬೇಕೆಂಬುದು ಆ ಸ್ಥಪತಿಗಳ ಅಭಿಪ್ರಾಯವೇ ಆಗಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಈಚೆಗೆ ಅಲ್ಲಿಗೂ ಬಿಳಿಯ ಕೊಳವೆದೀಪ ಬಂದಿರುವುದನ್ನು ಕಂಡಾಗ ಆ ಹೆಸರು ಕೆಟ್ಟಿತೆಂದೇ ತೋರುತ್ತದೆ.

ಎದುರುಪಕ್ಷದ ಮಾತನ್ನು ಅಲಕ್ಷಿಸಲಾಗದು. ನಿಶೆಯಲ್ಲಿ ಒಬ್ಬಳೇ ಮನೆಗೆ ಮರಳುವ ಹೆಣ್ಣುಮಗಳಿಗೆ ಬೀದಿದೀಪವೆಂದರೆ ಅಲಂಕಾರವಲ್ಲ, ರಕ್ಷೆ. ಲಾಟೀನಿನ ಮಸಿ ಒರಸುತ್ತ ಓದಿದವರ ಮುಂದೆ ಕತ್ತಲೆಯ ಗುಣಗಾನ ಮಾಡುವುದು ಉಂಡವನು ಉಪವಾಸವನ್ನು ಹೊಗಳಿದಂತೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದಾಗ ಜನ ಹಿಗ್ಗಿದ್ದು ಸಹಜವೇ. ಆ ಬೆಳಕನ್ನು ಕೊಟ್ಟವಳು ಕಾವೇರಿ.

ಆದರೆ ನಡೆಯುವ ದಾರಿಗೆ ಬೇಕಾದ ದೀಪ ಬೇರೆ, ನೀರಿನ ಮೇಲೆ ಚೆಲ್ಲುವ ದೀಪ ಬೇರೆ. ನೀರಿನಲ್ಲಿ ಯಾರೂ ನಡೆಯುವುದಿಲ್ಲ. ಹುಣ್ಣಿಮೆಯ ಬೆಳಕು ಸಾಮಾನ್ಯವಾಗಿ ಒಂದು ಲಕ್ಸಿನ ಮೂರನೆಯ ಒಂದು ಪಾಲನ್ನು ಮೀರದು; ಬೀದಿದೀಪದಡಿಯಲ್ಲಿ ಹತ್ತು ಲಕ್ಸ್ ಅಪರೂಪವಲ್ಲ. ಅದೂ ದೇಶದಾದ್ಯಂತ 2015ರಿಂದ ಹಳದಿಯ ಸೋಡಿಯಂ ದೀಪಗಳ ಸ್ಥಾನದಲ್ಲಿ ಬಂದಿರುವ ಬಿಳಿಯ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು. ತಿಳಿನೀರಿನಲ್ಲಿ ಕೆಂಪು ಬೇಗನೆ ಅಡಗಿದರೆ ನೀಲಿ ಬಹು ಆಳಕ್ಕೆ ಇಳಿಯುತ್ತದೆ. ಫ್ರಾನ್ಸ್ ದೇಶದ ಸರ್ಕಾರ 2018ರ ಡಿಸೆಂಬರಿನಲ್ಲಿ ಹೊರಡಿಸಿದ ಆಜ್ಞೆಯೊಂದು ಹೊಳೆ, ಕೆರೆ, ಕಡಲತಡಿಯ ನೀರಿನ ಮೇಲೆ ನೇರವಾಗಿ ಬೆಳಕು ಹಾಯಿಸುವುದನ್ನು, ಸುರಕ್ಷತೆ ಮುಂತಾದ ಕೆಲವು ಸಂದರ್ಭಗಳ ಹೊರತು, ನಿಷೇಧಿಸಿತು. ಅಲ್ಲಿ ಯಾರ ಮನೆಯೂ ಕತ್ತಲಾಗಲಿಲ್ಲ. ನಾವಾದರೋ ಜಲಪಾತಕ್ಕೂ ಬಣ್ಣದ ದೀಪ ಬೀರಿ ಚಪ್ಪಾಳೆ ತಟ್ಟುವ ಅಭಿರುಚಿಯವರು.

ನಮ್ಮ ಊರಿನ ಕೆರೆಯನ್ನು ಸುಂದರಗೊಳಿಸುವ ಕೆಲಸ ಈಗ ನಡೆದಿದೆ. ಏರಿಯ ಉದ್ದಕ್ಕೂ ದೀಪದ ಕಂಬ, ನೀರಿನ ಕಡೆಗೆ ಮುಖ ಮಾಡಿದ ದೊಡ್ಡ ದೀಪಗಳು, ನಡುವೆ ಬಣ್ಣದ ಕಾರಂಜಿ: ನಕ್ಷೆಯಲ್ಲಿ ಹೀಗಿದೆ. ಆ ಕೆರೆಯ ಮೀನುಗಳು ಕ್ಲೌನ್ ಮೀನುಗಳಲ್ಲ, ಬೆಳಕಿಗೆ ಅವು ಹೇಗೆ ಓಗೊಡುತ್ತವೆಂದು ಪರೀಕ್ಷಿಸಿದವರು ಯಾರು ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಪರೀಕ್ಷಿಸುವ ತನಕ ದೀಪ ಹಚ್ಚೋಣವೋ ಆರಿಸೋಣವೋ ಎಂಬುದು ಅದರ ಮುಂದಿನ ಪ್ರಶ್ನೆ. ಮೊಟ್ಟೆಯೊಳಗಿರುವುದಕ್ಕೆ ಎರಡನೆಯ ಅವಕಾಶವಿಲ್ಲವಾದ್ದರಿಂದ ನಾನು ಆರಿಸುವವರ ಪಕ್ಷ. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಗೆಳೆಯರೊಬ್ಬರೂ ನಾನೂ ಕೂಡಿ ಒಂದು ಅರ್ಜಿ ಬರೆದುಕೊಟ್ಟಿದ್ದೇವೆ. ದೀಪಗಳಿಗೆ ಮರೆ ಇರಲಿ, ಅವು ನಡೆಯುವ ಹಾದಿಯ ಕಡೆಗೆ ಬಾಗಿರಲಿ, ಬಣ್ಣ ಹಳದಿಯಾಗಿರಲಿ, ರಾತ್ರಿ ಹತ್ತಾದ ಮೇಲೆ ಕಾರಂಜಿಯ ದೀಪ ಆರಲಿ ಎಂದು. ಉತ್ತರ ಬಂದಿಲ್ಲ. ಕಂಬಗಳಿಗೆ ಗುಂಡಿ ತೋಡಿಯಾಗಿದೆ. ದೀಪದ ಮುಖ ಯಾವ ಕಡೆಗೆಂಬುದು ಇನ್ನು ತೀರ್ಮಾನವಾಗಬೇಕು.