ಬಾಳೆಹಣ್ಣಿನ ನೊಣಕ್ಕೂ ಹೆಸರಿನ ತಕರಾರು

ಬಾಳೆಹಣ್ಣು ಎರಡು ದಿನ ಜಾಸ್ತಿ ಇಟ್ಟರೆ ಸಾಕು, ಕೆಂಪು ಕಣ್ಣಿನ ಪುಟ್ಟ ನೊಣಗಳು ಹಾಜರ್. ಪಿಯುಸಿಯಲ್ಲಿ ಮಾರ್ಗನ್ ಪಾಠದಲ್ಲಿ ಓದಿದ್ದೀರಲ್ಲ, ಡ್ರೊಸೊಫಿಲ ಮೆಲನೊಗ್ಯಾಸ್ಟರ್, ಅದೇ ಇದು.

ಇದು ನಿಜವಾಗ್ಲೂ ಡ್ರೊಸೊಫಿಲ ಹೌದೋ ಅಲ್ವೋ ಅಂತಲೇ ಜಗಳ! 1,500ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲ ಒಂಥರಾ ಕೂಡುಕುಟುಂಬ. ಡಿಎನ್‌ಎ ನೋಡಿದರೆ, ಬೇರೆ ಕುಲನಾಮ ಹೊತ್ತ ಕೆಲವು ನೊಣಗಳೂ ಇದರ ಕವಲುಗಳ ನಡುವೆಯೇ ಸಿಗುತ್ತವೆ. ಹಾಗಾಗಿ ಮನೆ ಭಾಗ ಮಾಡಿ ಅನ್ನುತ್ತಾರೆ ಕೆಲವರು. ಭಾಗವಾದರೆ ಹೆಸರು ಯಾರಿಗೆ? ನಿಯಮದ ಪ್ರಕಾರ ಕುಲದ ಮಾದರಿ ಪ್ರಭೇದಕ್ಕೆ. ಅದು ಫ್ಯುನೆಬ್ರಿಸ್ ಅನ್ನೋ, ನಾವ್ಯಾರೂ ಕೇಳಿರದ ನೊಣ. ನಮ್ಮದು ‘ಸೊಫೊಫೊರ’ ಆಗಿಬಿಡುತ್ತೆ. ವಿವೇಕ ಹೊತ್ತದ್ದು ಅಂತ ಅರ್ಥ, ಹೆಸರೇನೋ ಚೆನ್ನಾಗಿದೆ.

ಮೆಲನೊಗ್ಯಾಸ್ಟರನ್ನೇ ಮಾದರಿ ಮಾಡಿ, ಹೆಸರು ಉಳಿಯಲಿ ಎಂಬ ಅರ್ಜಿಯನ್ನು ಅಂತಾರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗ 2010ರಲ್ಲಿ ತಳ್ಳಿಹಾಕಿತು. ಆದರೂ ಸಂಶೋಧಕರು ಹಳೇ ಹೆಸರನ್ನೇ ಬಳಸ್ತಿದ್ದಾರೆ. ನೂರು ವರ್ಷದ ಪ್ರಬಂಧಗಳೆಲ್ಲ ಆ ಹೆಸರಲ್ಲೇ ಇವೆಯಲ್ಲ! ನಮ್ಮ ಮಾನಸಗಂಗೋತ್ರಿಯಲ್ಲೂ ಡ್ರೊಸೊಫಿಲ ಸ್ಟಾಕ್ ಸೆಂಟರ್ ಇದೆ. ಸೀಸೆ ಸೀಸೆಗೂ ಲೇಬಲ್ ಬದಲಿಸೋದು ಅಂದ್ರೆ? ಪ್ಯಾನ್‌ನಲ್ಲೊಂದು, ಆಧಾರ್‌ನಲ್ಲೊಂದು ಇನಿಷಿಯಲ್ ಇಟ್ಕೊಂಡು ಒದ್ದಾಡಿದವರಿಗೆ ಈ ಭಯ ಅರ್ಥವಾಗುತ್ತೆ.

ನನ್ನ ಓಟಂತೂ ಹಳೇ ಹೆಸರಿಗೇ, ವಂಶವೃಕ್ಷ ಸ್ವಲ್ಪ ಸೊಟ್ಟಗಿದ್ದರೂ.