ಗಾಂಜಾ ಕುರಿತ ಎರಡು ತಪ್ಪು ತಿಳಿವಳಿಕೆಗಳು

ಗಾಂಜಾ ಬರಿಯ ಸೊಪ್ಪು, ಸೊಪ್ಪಿನಿಂದ ಕೇಡೇನು ಎಂಬ ಮಾತು ವಿದ್ಯಾರ್ಥಿಗಳ ಬಾಯಲ್ಲಿ ಕೇಳಿಬರುತ್ತಿದೆ. ಉಮ್ಮತ್ತಿಯೂ ಗಿಡವೇ ಅಲ್ಲವೆ? ಸಂಸ್ಕೃತದ ‘ಉನ್ಮತ್ತ’ವೇ ಕನ್ನಡದಲ್ಲಿ ಹಾಗಾಯಿತು, ಹೆಸರೇ ಗುಣವನ್ನು ಸಾರುತ್ತದೆ. ವಾಸ್ತವವಾಗಿ ಗಾಂಜಾ ಸೊಪ್ಪೂ ಅಲ್ಲ. 1985ರ ಮಾದಕ ವಸ್ತುಗಳ ಕಾಯಿದೆಯ ಪ್ರಕಾರ ಆ ಗಿಡದ ಹೂಕಾಯಿಗಳಿಂದ ಕೂಡಿದ ತುದಿಯೇ ಗಾಂಜಾ, ಅಂಟೇ ಚರಸ್. ಬರಿಯ ಎಲೆಯ ಭಂಗಿಯನ್ನು ಕಾಯಿದೆ ಹೊರಗಿಟ್ಟಿದೆ. ಅಮಲು ಹೊರಗುಳಿದಿಲ್ಲವೆಂಬುದು ಬೇರೆ ಮಾತು. 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಬೇರ್ಪಡಿಸಿದ ಟಿಎಚ್‌ಸಿ ಎಂಬ ದ್ರವ್ಯವೇ ಈ ಅಮಲಿನ ಮೂಲ. ಅದು ನೆನಪನ್ನೂ ಅವಧಾನವನ್ನೂ ಕುಂದಿಸುತ್ತದೆ. ಇಪ್ಪತ್ತೈದರ ಸುಮಾರಿನವರೆಗೂ ಮೆದುಳು ಬಲಿಯುತ್ತಲೇ ಇರುವುದರಿಂದ ಎಳೆಯರಿಗೆ ಹಾನಿ ಹೆಚ್ಚು. ದಿನನಿತ್ಯ ಸೇದುವವರಲ್ಲಿ ಚಿತ್ತವಿಕಾರದ ಸಂಭವವೂ ಅಧಿಕ.

ಇನ್ನೊಂದು ತಪ್ಪು ಹಿರಿಯರದು. ಒಮ್ಮೆ ಸೇದಿದರೆ ಬಾಳೇ ಮುಗಿಯಿತೆಂದು ಹೆದರಿಸುವ ಅಧ್ಯಾಪಕರುಂಟು. ಸೇದಿದವರಲ್ಲಿ ಸುಮಾರು ಹತ್ತರಲ್ಲೊಬ್ಬರು, ಹದಿಹರೆಯದಲ್ಲೇ ತೊಡಗಿದವರಲ್ಲಿ ಆರರಲ್ಲೊಬ್ಬರು ಅದಕ್ಕೆ ದಾಸರಾಗುತ್ತಾರೆ. ಇಷ್ಟು ಸತ್ಯ ಸಾಲದೆ? ಸೇದಿಯೂ ನೆಟ್ಟಗಿರುವ ಗೆಳೆಯನನ್ನು ಕಂಡ ಹುಡುಗನು ಗುರುಗಳ ಉಳಿದ ಮಾತನ್ನೂ ನಂಬಲಾರನು.

ಸಿಕ್ಕಿಬಿದ್ದವನಿಗೆ ವರ್ಗಾವಣೆ ಪತ್ರವನ್ನಿತ್ತು ಕೈತೊಳೆದುಕೊಳ್ಳುವ ಪದ್ಧತಿ ನನಗೆ ಸಮ್ಮತವಲ್ಲ. ಅದೇ ಕಾಯಿದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೆ ಸಿಕ್ಕಿದ ವ್ಯಸನಿಯು ತಾನಾಗಿ ಮಾನ್ಯತೆಯುಳ್ಳ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ಬಿಡುಗಡೆ ನೀಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ದಾನಿಗಳು ಕಟ್ಟಡಗಳಿಗೆ ಕೊಡುವ ಹಣದಲ್ಲಿ ಒಂದಂಶವನ್ನು ಶಾಲೆಗೊಬ್ಬ ಆಪ್ತಸಲಹೆಗಾರರ ವೇತನಕ್ಕೆ ಮೀಸಲಿಡಬಾರದೇಕೆ?