ಬೆಂಕಿಗೆ ಬಿರಿಯುವ ಬಂಡೆ

ದಪ್ಪ ಗಾಜಿನ ಲೋಟಕ್ಕೆ ಕುದಿಯುವ ನೀರು ಸುರಿದರೆ ಅದು ಫಟ್ಟನೆ ಸೀಳುವುದುಂಟು. ತೆಳು ಗಾಜಿನ ಲೋಟ ಎಷ್ಟೋ ಬಾರಿ ಪಾರಾಗುತ್ತದೆ. ದಪ್ಪಗಿರುವುದೇ ಗಟ್ಟಿಯಲ್ಲವೇ? ಇಲ್ಲಿ ಹಾಗಲ್ಲ. ಗಾಜಿನಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ. ದಪ್ಪ ಲೋಟದ ಒಳಮೈ ಬಿಸಿಯಾಗಿ ಹಿಗ್ಗಲು ಹೊರಟಾಗ ಹೊರಮೈ ಇನ್ನೂ ತಣ್ಣಗಿರುತ್ತದೆ. ಈ ಎಳೆದಾಟದಲ್ಲಿ ಲೋಟ ಒಡೆಯುತ್ತದೆ. ಅಂದರೆ ಒಡೆಯುವುದು ಬರೀ ಬಿಸಿಯಿಂದಲ್ಲ, ಬಿಸಿಯ ಏರುಪೇರಿನಿಂದ.

ಬಂಡೆಗೂ ಇದೇ ನಿಯಮ. ಬೆಂಗಳೂರಿನ ಕಲ್ಲುಕುಟಿಗರು ಈ ನಿಯಮವನ್ನು ಪುಸ್ತಕದಿಂದ ಕಲಿತವರಲ್ಲ. ಆದರೂ ಸಿಡಿಮದ್ದಿಲ್ಲದೆ ಭಾರಿ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಅವರ ವಿಧಾನವನ್ನು ಎಚ್. ವಾರ್ತ್ ಎಂಬುವರು 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ವರ್ಣಿಸಿದ್ದಾರೆ.

ಮಟ್ಟಸವಾದ ಬಂಡೆಯ ಮೇಲೆ ಸುಮಾರು 7 ಅಡಿ ಉದ್ದಕ್ಕೆ ಹಗುರ ಸೌದೆಯನ್ನು ಸಾಲಾಗಿ ಇಟ್ಟು ಉರಿಸುತ್ತಿದ್ದರು. ಆಗಾಗ ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಮೇಲಿನ ಪದರ ಬಿಟ್ಟುಕೊಂಡಿದೆ ಎಂದು ತಿಳಿದೊಡನೆ ಬೆಂಕಿಯನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳುತ್ತಿದ್ದರು. ಹೀಗೆ ಬೆಂಕಿಯ ಸಾಲು ಮುಂದೆ ಸರಿದಂತೆ ಒಳಗಿನ ಬಿರುಕೂ ಅದರೊಡನೆ ಸರಿಯುತ್ತಿತ್ತು. ಕೊನೆಗೆ ಸಿಕ್ಕ ಚಪ್ಪಡಿಯ ವಿಸ್ತಾರ 740 ಚದರ ಅಡಿ. ದಪ್ಪ ಸರಾಸರಿ 5 ಅಂಗುಲ. ಸುಟ್ಟ ಸೌದೆ ಮುಕ್ಕಾಲು ಟನ್ನಿನಷ್ಟು. ಒಂದು ಕಿಲೋ ಸೌದೆಗೆ 30 ಕಿಲೋ ಕಲ್ಲು ಎಂದಾಯಿತು!

ಇದರ ಗುಟ್ಟೇನು? ಕಲ್ಲು ಶಾಖವನ್ನು ಚೆನ್ನಾಗಿ ಸಾಗಿಸುವುದಿಲ್ಲ. ಬೆಂಕಿಯ ಕೆಳಗಿನ ಕೆಲವು ಅಂಗುಲ ಕಾದರೂ ಅದರಡಿಯ ಬಂಡೆ ತಣ್ಣಗೇ ಇರುತ್ತದೆ. ಕಾದ ಪದರ ಅಗಲವಾಗಲು ನೋಡುತ್ತದೆ. ಸುತ್ತಲಿನ ಕಲ್ಲು ಬಿಡುವುದಿಲ್ಲ. ಉಳಿದ ದಾರಿ ಒಂದೇ, ಮೇಲಕ್ಕೆ ಉಬ್ಬುವುದು. ಉಬ್ಬಿದಾಗ ಅಡಿಯ ಬಂಡೆಯಿಂದ ಕಿತ್ತುಕೊಳ್ಳುತ್ತದೆ.

ಗ್ರಾನೈಟಿನ ಒಳಗೂ ಜಗಳವಿದೆ. ಅದರಲ್ಲಿರುವ ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕದ ಹರಳುಗಳು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಬೆಣಚು ಹೆಚ್ಚು ಹಿಗ್ಗಿ ನೆರೆಯ ಹರಳುಗಳನ್ನು ಒತ್ತುತ್ತದೆ. 573 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅದರ ಹರಳಿನ ರಚನೆಯೇ ಬದಲಾಗುತ್ತದೆ. ದೊಡ್ಡ ಬೆಂಕಿ ಅನಾಹುತಕ್ಕೆ ಸಿಕ್ಕ ಕಲ್ಲಿನ ಕಟ್ಟಡಗಳು ನಿಂತೇ ಇದ್ದರೂ ಒಳಗೊಳಗೆ ದುರ್ಬಲವಾಗಲು ಇದೂ ಕಾರಣ.

ಬೆಂಕಿಯ ಮಾತು ಹಾಗಿರಲಿ, ಬಿಸಿಲಿನ ಕಥೆಯೇನು? ಹಗಲು ಕಾದು ರಾತ್ರಿ ತಣಿಯುವುದರಿಂದ ಬಂಡೆ ಒಡೆಯುತ್ತದೆ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. 10 ಮೀಟರ್ ಉದ್ದದ ಗ್ರಾನೈಟ್ 30 ಡಿಗ್ರಿ ಕಾದರೆ ಹಿಗ್ಗುವುದು ಎರಡೂವರೆ ಮಿಲಿಮೀಟರಿನಷ್ಟು ಮಾತ್ರ. ಇಷ್ಟು ಸಾಕೇ?

ಅಮೆರಿಕದ ಡೇವಿಡ್ ಗ್ರಿಗ್ಸ್ ಇದನ್ನು ಪರೀಕ್ಷಿಸಿದರು. ಗ್ರಾನೈಟ್ ತುಂಡೊಂದನ್ನು 89,400 ಬಾರಿ ಕಾಯಿಸಿ ತಣಿಸಿದರು. ದಿನಕ್ಕೊಂದು ಬಾರಿಯಂತೆ ಲೆಕ್ಕ ಹಾಕಿದರೆ ಅದು 244 ವರ್ಷಗಳಿಗೆ ಸಮ. ಕಲ್ಲಿಗೆ ಏನೂ ಆಗಲಿಲ್ಲ! ಆದರೆ ತಣಿಸಲು ಒಣಗಾಳಿಯ ಬದಲು ನೀರು ಬಳಸಿದಾಗ ಎರಡೂವರೆ ವರ್ಷಕ್ಕೆ ಸಮನಾದ ಅವಧಿಯಲ್ಲೇ ಕಲ್ಲಿನ ಹೊಳಪು ಹೋಗಿ ಬಿರುಕು ಮೂಡಿತು. ಈ ಫಲಿತಾಂಶ ಪ್ರಕಟವಾದದ್ದು 1936ರಲ್ಲಿ.

ಹಾಗಾದರೆ ಬಿಸಿಲಿನ ಪಾತ್ರ ಸುಳ್ಳೇ? ಅದೂ ಅಲ್ಲ. ಗ್ರಿಗ್ಸ್ ಬಳಸಿದ್ದು ಬಿರುಕಿಲ್ಲದ ಚಿಕ್ಕ ತುಂಡು. ಅದಕ್ಕೆ ಎಲ್ಲ ಕಡೆಗೂ ಹಿಗ್ಗಲು ಅವಕಾಶವಿತ್ತು. ಬೆಟ್ಟದ ಬಂಡೆಗೆ ಅಂಥ ಸ್ವಾತಂತ್ರ್ಯವಿಲ್ಲ, ಬಿರುಕುಗಳೂ ಮೊದಲೇ ಇರುತ್ತವೆ. ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯಲ್ಲಿ ವಿಜ್ಞಾನಿಗಳು 2010ರಿಂದ ಮೂರೂವರೆ ವರ್ಷ ಒಂದು ಗ್ರಾನೈಟ್ ಪದರವನ್ನು ಅಳೆಯುತ್ತ ಕುಳಿತರು. ಬಿಸಿಲೇರಿದಂತೆ ಅದು ಬೆಟ್ಟದಿಂದ ಹೊರಕ್ಕೆ ಬಾಗುತ್ತಿತ್ತು. ರಾತ್ರಿ ಹಿಂದಕ್ಕೆ ಸರಿಯುತ್ತಿತ್ತು. ಈ ದಿನನಿತ್ಯದ ಆಟದಿಂದ ಹಳೆಯ ಬಿರುಕು ಸ್ವಲ್ಪಸ್ವಲ್ಪವೇ ಬೆಳೆಯುತ್ತದೆ. ಮಳೆಯಿಲ್ಲದೆ, ಭೂಕಂಪವಿಲ್ಲದೆ ಬೇಸಿಗೆಯ ಮಧ್ಯಾಹ್ನ ಬಂಡೆ ಉರುಳುವುದಕ್ಕೆ ಇದೊಂದು ಕಾರಣವೆಂದು ಅವರು 2016ರಲ್ಲಿ ತೋರಿಸಿಕೊಟ್ಟರು.

ಪಾಠದ ಸಾಲು ತಪ್ಪಲ್ಲ, ಅರ್ಧ ಮಾತ್ರ. ನೀರು, ಹಳೆಯ ಬಿರುಕು ಮತ್ತು ಕಾಲ ಸೇರಿದರೆ ಉತ್ತರ ಪೂರ್ಣ. ಪ್ರವಾಸ ಹೋದಾಗ ಹೊಳೆಯ ಕಲ್ಲುಗಳಿಂದ ಒಲೆ ಹೂಡುವವರಿಗೂ ಇದು ನೆನಪಿರಬೇಕು. ಒದ್ದೆ ಕಲ್ಲಿನೊಳಗಿನ ನೀರು ಆವಿಯಾಗಿ ಹೊರಬರಲು ದಾರಿ ಸಿಗದಿದ್ದರೆ ಕಲ್ಲು ಸಿಡಿದು ಚೂರುಗಳು ಮುಖಕ್ಕೆ ಹಾರಬಹುದು. ಒಲೆಗೆ ಹೊಳೆಯಿಂದ ದೂರದ ಒಣಗಲ್ಲೇ ಲೇಸು.